ಫಲಿತಾಂಶದ ಫ್ಲೆಕ್ಸಿನಲ್ಲಿ ಇಲ್ಲದವರು

ಒಂದು ಹೈಸ್ಕೂಲಿನ ಮುಖ್ಯ ಶಿಕ್ಷಕರು ಹೇಗೆ ಎಂದು ಯಾರಾದರೂ ಕೇಳಿದರೆ ಇವತ್ತು ಅದಕ್ಕೆ ಉತ್ತರವಾಗಿ ಬರುವುದು ಮರುಪ್ರಶ್ನೆ: ಅವರ ಶಾಲೆಯ ಎಸ್ಸೆಸ್ಸೆಲ್ಸಿ ಫಲಿತಾಂಶ ಎಷ್ಟು? ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಬಸ್ ನಿಲ್ದಾಣದ ಹೋಟೆಲಿನಲ್ಲಿ ಚಹಾ ಕುಡಿಯುವವರು ಕೇಳುವುದೂ ಅದನ್ನೇ, ಚಿತ್ರದುರ್ಗದಲ್ಲಿ ಪ್ರಗತಿ ಪರಿಶೀಲನೆಗೆ ಕೂತ ಅಧಿಕಾರಿಗಳು ಕೇಳುವುದೂ ಅದನ್ನೇ. ಶೇಕಡಾ ತೊಂಬತ್ತು ದಾಟಿದರೆ ಶಾಲು, ಹಾರ, ಊರ ಬಾಗಿಲಲ್ಲಿ ಫ್ಲೆಕ್ಸು. ಅರವತ್ತರ ಕೆಳಗಿಳಿದರೆ ಕಾರಣ ಕೇಳಿ ನೋಟಿಸು. ನಡುವೆ ಬೇರೆ ಅಳತೆ ಇಲ್ಲ. ಇದರ ಬೆನ್ನಿಗೆ ಇನ್ನೊಂದು ನಂಬಿಕೆಯೂ ಅಂಟಿಕೊಂಡಿದೆ: ಶಾಲಾ ಸಂಸತ್ತು, ಮಕ್ಕಳ ಗ್ರಾಮಸಭೆ, ಸಂಘ, ಚರ್ಚೆ ಇವೆಲ್ಲ ಓದಿನ ಹೊರಗಿನ ಅಲಂಕಾರ, ಹತ್ತನೇ ತರಗತಿಗೆ ಬಂದ ಮೇಲೆ ಅವನ್ನು ಮುಟ್ಟಬಾರದು. ಈ ಎರಡೂ ನಂಬಿಕೆಗಳು ತಪ್ಪು. ಒಂದು ತಪ್ಪು ಇನ್ನೊಂದನ್ನು ಸಾಕುತ್ತಿದೆ. ಮಕ್ಕಳ ಓದಿನ ಏಳಿಗೆಯಾಗಬೇಕು ಎಂದು ನಿಜವಾಗಿ ಬಯಸುವ ಆಡಳಿತಗಾರ ಮೊದಲು ಮಾಡಬೇಕಾದ ಕೆಲಸ, ಮಕ್ಕಳ ಕೈಗೆ ಶಾಲೆಯ ಒಂದು ಪಾಲು ಹೊಣೆ ಕೊಡುವುದು. ಫಲಿತಾಂಶದ ಅಂಕಿಗೆ ಜೋತುಬಿದ್ದಿರುವ ವ್ಯವಸ್ಥೆ ಅದನ್ನೇ ಆಗಗೊಡುತ್ತಿಲ್ಲ.

ಈ ಅಂಕಿಯನ್ನು ಪ್ರಶ್ನಿಸಲು ಚಿತ್ರದುರ್ಗ ಜಿಲ್ಲೆಗಿಂತ ಒಳ್ಳೆಯ ಜಾಗ ರಾಜ್ಯದಲ್ಲಿ ಇನ್ನೊಂದಿಲ್ಲ. 2023ರ ಎಸ್ಸೆಸ್ಸೆಲ್ಸಿಯಲ್ಲಿ ಈ ಜಿಲ್ಲೆ ಶೇ 96.8 ಪಡೆದು ರಾಜ್ಯಕ್ಕೇ ಮೊದಲು ಬಂತು. ಮಂಡ್ಯ ಎರಡನೆಯದು, ಹಾಸನ ಮೂರನೆಯದು. ಸದಾ ಮುಂದಿರುತ್ತಿದ್ದ ಉಡುಪಿ, ದಕ್ಷಿಣ ಕನ್ನಡಗಳು ಆ ವರ್ಷ ಮೊದಲ ಹತ್ತರೊಳಗೂ ಇರಲಿಲ್ಲ. ಬರದ ಜಿಲ್ಲೆ, ಬೆದ್ದಲು ಭೂಮಿಯ ಜಿಲ್ಲೆ ಕರಾವಳಿಯನ್ನು ಹಿಂದೆ ಹಾಕಿತು ಎಂದು ಎಲ್ಲರಿಗೂ ಹೆಮ್ಮೆ. ಹೆಮ್ಮೆ ಪಟ್ಟಿದ್ದರಲ್ಲಿ ತಪ್ಪೂ ಇಲ್ಲ. ಮರುವರ್ಷ, 2024ರಲ್ಲಿ, ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಕೂರಿಸಿ ವೆಬ್‌ಕಾಸ್ಟಿಂಗ್ ಮಾಡಿದರು. ಚಿತ್ರದುರ್ಗ ಶೇ 72.85ಕ್ಕೆ ಇಳಿದು 21ನೇ ಸ್ಥಾನಕ್ಕೆ ಹೋಯಿತು. ಮಂಡ್ಯ ಶೇ 96.74ರಿಂದ 73.59ಕ್ಕೆ ಬಂತು. ಉಡುಪಿ ಶೇ 94ರೊಂದಿಗೆ ಮೊದಲನೆಯದಾಯಿತು, ದಕ್ಷಿಣ ಕನ್ನಡ ಎರಡನೆಯದು. ರಾಜ್ಯದ ಒಟ್ಟು ಫಲಿತಾಂಶ ಶೇ 83.89ರಿಂದ 73.40ಕ್ಕೆ ಕುಸಿಯಿತು. ಈ 73 ಕೂಡ ಹಾಗೇ ಬಂದದ್ದಲ್ಲ: ಫಲಿತಾಂಶ ನೋಡಿ ಗಾಬರಿಯಾದ ಮಂಡಳಿ ಕೃಪಾಂಕದ ಪ್ರಮಾಣವನ್ನು ಶೇ 10ರಿಂದ 20ಕ್ಕೆ ಏರಿಸಿತು, ಅದಕ್ಕೆ ಅರ್ಹರಾಗಲು ಬೇಕಿದ್ದ ಅಂಕವನ್ನು ಶೇ 35ರಿಂದ 25ಕ್ಕೆ ಇಳಿಸಿತು. ಹಾಗೆ ದಡ ಸೇರಿದವರು ಸುಮಾರು 1.7 ಲಕ್ಷ ಮಕ್ಕಳು. ಕೃಪಾಂಕ ಕಳೆದರೆ ಉಳಿಯುತ್ತಿದ್ದದ್ದು ಐವತ್ತರ ಆಸುಪಾಸು. ಮುಖ್ಯಮಂತ್ರಿಗಳೇ ಸಿಟ್ಟಾಗಿ ಮುಂದಿನ ವರ್ಷ ಇದು ಬೇಡ ಎಂದರು. ಕೃಪಾಂಕ ತೆಗೆದ 2025ರಲ್ಲಿ ರಾಜ್ಯದ ಫಲಿತಾಂಶ ಎಪ್ಪತ್ತರ ಕೆಳಗೆ ಬಂತು.

ಇಷ್ಟನ್ನು ಹೇಳಿ ಮಕ್ಕಳೆಲ್ಲ ನಕಲು ಹೊಡೆದರು ಎಂದು ತೀರ್ಪು ಕೊಡುವುದು ಸುಲಭ, ಅನ್ಯಾಯವೂ ಹೌದು. ಒಂದು ವರ್ಷದ ಪ್ರಶ್ನೆಪತ್ರಿಕೆ ಇನ್ನೊಂದರಂತೆ ಇರುವುದಿಲ್ಲ. ಕೋವಿಡ್ ಕಾಲದಲ್ಲಿ ತರಗತಿ ಕಾಣದೆ ಮೇಲೆ ಬಂದ ಮಕ್ಕಳ ತಂಡಗಳೂ ಒಂದರಂತೆ ಒಂದಿಲ್ಲ. ನಕಲು ಎಷ್ಟು, ಪತ್ರಿಕೆಯ ಪಾಲೆಷ್ಟು ಎಂದು ಹೊರಗಿನಿಂದ ಬಿಡಿಸಿ ಹೇಳಲಾಗದು. ನನ್ನ ವಾದಕ್ಕೆ ಅದು ಬೇಕಾಗಿಯೂ ಇಲ್ಲ. ಅದೇ ಜಿಲ್ಲೆ, ಹೆಚ್ಚುಕಡಿಮೆ ಅದೇ ಶಿಕ್ಷಕರು, ಅವೇ ಶಾಲೆಗಳು. ಹನ್ನೆರಡು ತಿಂಗಳಲ್ಲಿ ಬೋಧನೆ ಇಪ್ಪತ್ತನಾಲ್ಕು ಅಂಕದಷ್ಟು ಕೆಟ್ಟಿತು ಎಂದು ಯಾರೂ ನಂಬಲಾರರು. ಹಾಗಿದ್ದರೆ ಹಿಂದಿನ ವರ್ಷ ಅದು ಅಷ್ಟು ಚೆನ್ನಾಗಿತ್ತು ಎಂದು ನಂಬಿದ್ದಾದರೂ ಹೇಗೆ? 2023ರ ಯಶಸ್ಸಿಗೆ ಯೋಜನಾಬದ್ಧ ಆಡಳಿತ ಕಾರಣ ಎಂದು ಬೆನ್ನು ತಟ್ಟಿಕೊಂಡವರು 2024ರ ಕುಸಿತಕ್ಕೆ ಆಡಳಿತವೇ ಕಾರಣ ಎನ್ನಲಿಲ್ಲ. ಕ್ಯಾಮೆರಾ ಕಂಡು ಮಕ್ಕಳು ಹೆದರಿದರು ಎಂದರು. ಗೆದ್ದಾಗ ಹೆಡ್ಮಾಸ್ತರರದು, ಸೋತಾಗ ಮಕ್ಕಳದು ಎನ್ನುವ ಲೆಕ್ಕ ಯಾವ ಊರಿನ ನ್ಯಾಯ? ಕ್ಯಾಮೆರಾ ಒಂದನ್ನು ಗೋಡೆಗೆ ಹೊಡೆದ ಮಾತ್ರಕ್ಕೆ ತಲೆಕೆಳಗಾಗುವ ಅಂಕಿ ಏನನ್ನೇ ಅಳೆಯುತ್ತಿರಲಿ, ಮುಖ್ಯ ಶಿಕ್ಷಕರ ಸಾಮರ್ಥ್ಯವನ್ನಂತೂ ಅಳೆಯುತ್ತಿರಲಿಲ್ಲ.

ಅಂಕಿಯ ಇನ್ನೂ ದೊಡ್ಡ ದೋಷ ಕ್ಯಾಮೆರಾದ ಕಣ್ಣಿಗೆ ಬೀಳುವುದಿಲ್ಲ. ಶೇಕಡಾವಾರು ಲೆಕ್ಕ ಶುರುವಾಗುವುದು ಪರೀಕ್ಷೆಗೆ ಕೂತವರಿಂದ. ಎಂಟನೇ ತರಗತಿಗೆ ಸೇರಿ ಹತ್ತರ ಪರೀಕ್ಷೆಯ ಹೊತ್ತಿಗೆ ಇಲ್ಲವಾದವರು ಆ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. 2021-22ರ ಯು-ಡೈಸ್ ವರದಿಯ ಪ್ರಕಾರ ಕರ್ನಾಟಕದಲ್ಲಿ ಪ್ರೌಢ ಹಂತದಲ್ಲಿ ಶಾಲೆ ಬಿಟ್ಟವರ ಪ್ರಮಾಣ ಶೇ 14.7, ದೇಶದ ಸರಾಸರಿಗಿಂತ ಹೆಚ್ಚು. ನಾಯಕನಹಟ್ಟಿ ಹೋಬಳಿಯಲ್ಲಿ ಹೀಗೆ ಕಳೆದುಹೋಗುವ ದಾರಿಗಳು ಎಲ್ಲರಿಗೂ ಗೊತ್ತಿರುವವೇ. ಮಳೆ ಬಿದ್ದರೆ ಶೇಂಗಾ ಬಿತ್ತನೆ, ಆಮೇಲೆ ಕಳೆ, ದಸರಾ ದೀಪಾವಳಿಯ ಸುಮಾರಿಗೆ ಬಳ್ಳಿ ಕೀಳುವುದು, ಕಾಯಿ ಬಿಡಿಸುವುದು. ಪ್ರತಿ ಹಂತಕ್ಕೂ ಮನೆಯ ಮಕ್ಕಳ ಕೈ ಬೇಕು. ಮಳೆ ಕೈಕೊಟ್ಟರೆ ಅಪ್ಪ ಅಮ್ಮ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಗುಳೆ ಹೋಗುತ್ತಾರೆ. ಅಜ್ಜಿಯ ಹತ್ತಿರ ಉಳಿದ ಹುಡುಗಿ ತಮ್ಮ ತಂಗಿಯರಿಗೆ ಅಡುಗೆ ಮಾಡಿಟ್ಟು ಎರಡನೇ ಪೀರಿಯಡ್ಡಿಗೆ ಬರುತ್ತಾಳೆ, ಆಮೇಲೆ ಬರುವುದೇ ಇಲ್ಲ. ಮುಟ್ಟಿನ ದಿನಗಳಲ್ಲಿ ಊರ ಹೊರಗಿರಬೇಕೆಂಬ ಕಟ್ಟಳೆ ಇನ್ನೂ ಬಿಡದ ಗೊಲ್ಲರಹಟ್ಟಿಗಳಲ್ಲಿ ಹುಡುಗಿಯರ ಗೈರುಹಾಜರಿ ತಿಂಗಳು ತಿಂಗಳೂ ಕೂಡುತ್ತ ಹೋಗುತ್ತದೆ. ಒಂಬತ್ತು ಮುಗಿಯುವಷ್ಟರಲ್ಲಿ ಕೆಲವರ ಮದುವೆಯ ಮಾತು. ಇವರಲ್ಲಿ ಯಾರೂ ಹತ್ತರ ಪರೀಕ್ಷೆಗೆ ಕೂರದಿದ್ದರೆ ಶಾಲೆಯ ಫಲಿತಾಂಶಕ್ಕೆ ನಷ್ಟವಿಲ್ಲ. ಲಾಭವೇ ಇದೆ. ಜೊಳ್ಳನ್ನೆಲ್ಲ ತೂರಿ ಗಟ್ಟಿ ಕಾಯನ್ನಷ್ಟೇ ತೂಗಿ ಬೆಳೆಯಲ್ಲಿ ಜೊಳ್ಳೇ ಇಲ್ಲ ಎಂದು ಬರೆಸಿದಂತೆ ಇದು. ಇನ್ನು ಒಂಬತ್ತರಲ್ಲೇ ಜರಡಿ ಹಿಡಿದು, ‘ನಿಮ್ಮ ಹುಡುಗನಿಗೆ ಇಲ್ಲಿ ಕಷ್ಟ, ಟಿಸಿ ತಗೊಂಡು ಹೋಗಿ’ ಎನ್ನುವ ಖಾಸಗಿ ಶಾಲೆಗಳ ರೂಢಿ ರಾಜ್ಯಕ್ಕೆಲ್ಲ ಪರಿಚಿತ. ಅಂಥ ಶಾಲೆಗಳು ನೂರಕ್ಕೆ ನೂರು ಎಂದು ಹಾಕುವ ಫ್ಲೆಕ್ಸು ಸುಳ್ಳಲ್ಲ. ಆ ನೂರು ಯಾರ ನೂರು ಎಂಬುದನ್ನಷ್ಟೇ ಅದು ಹೇಳುವುದಿಲ್ಲ.

ಅಳತೆ ಹೀಗಿದ್ದರೆ ಕೆಲಸವೂ ಹಾಗೇ ಬಾಗುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ನಮ್ಮ ಹೈಸ್ಕೂಲುಗಳಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿದರೆ ಶ್ರಮಕ್ಕೇನೂ ಕೊರತೆ ಇಲ್ಲ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ಒಬ್ಬೊಬ್ಬ ಶಿಕ್ಷಕರಿಗೆ ಇಷ್ಟು ಮಕ್ಕಳೆಂದು ದತ್ತು, ನಸುಕಿನಲ್ಲೇ ಫೋನ್ ಮಾಡಿ ಎಬ್ಬಿಸುವುದು, ಮನೆಮನೆ ಭೇಟಿ, ಒಂದಾದ ಮೇಲೊಂದು ಪ್ರಿಪರೇಟರಿ. ಫಾಲ್ಗುಣದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರು ಎಳೆಯುವ ಕಾಲವೂ ಪರೀಕ್ಷೆಯ ಕಾಲವೂ ಒಂದೇ ಆದ್ದರಿಂದ ಜಾತ್ರೆಗೆ ನೆಂಟರು ತುಂಬಿದ ಮನೆಯಲ್ಲಿ ಓದುವುದೆಲ್ಲಿ ಎಂಬ ಚಿಂತೆ ಬೇರೆ. ಹಿಂದುಳಿದವರಿಗೆಂದು ‘ಪಾಸಿಂಗ್ ಪ್ಯಾಕೇಜ್’ ಇದೆ: ಖಚಿತವಾಗಿ ಬರುವ ನಕ್ಷೆ, ಚಿತ್ರ, ಪ್ರಮೇಯ, ಎರಡು ಪತ್ರ, ಒಂದು ಪದ್ಯ. ಇದನ್ನು ಬಾಯಿಪಾಠ ಮಾಡಿಸಿ, ಆಂತರಿಕ ಅಂಕದ ಇಪ್ಪತ್ತನ್ನು ಧಾರಾಳವಾಗಿ ತುಂಬಿ, ಹೇಗೋ ಗೆರೆ ದಾಟಿಸುವುದು. ಇಷ್ಟೆಲ್ಲ ದುಡಿಯುವ ಶಿಕ್ಷಕರನ್ನು ಹಂಗಿಸುವುದು ನನ್ನ ಉದ್ದೇಶವಲ್ಲ. ಆದರೆ ಈ ನಾಲ್ಕು ತಿಂಗಳ ಶ್ರಮದ ಕಾಲುಭಾಗವಾದರೂ ಎಂಟನೇ ತರಗತಿಯ ಜೂನ್ ತಿಂಗಳಿಗೆ ಸಲ್ಲುತ್ತಿದೆಯೇ? ಆಗ ಮಾಡಬೇಕಾದ ಸೇತುಬಂಧ ಎಂಬ ಕಾರ್ಯಕ್ರಮ ಇದೆ. ಪೂರ್ವ ಪರೀಕ್ಷೆ, ಸಾಫಲ್ಯ ಪರೀಕ್ಷೆ, ವಿಶ್ಲೇಷಣೆ ಎಲ್ಲವೂ ಕಡತದಲ್ಲಿ ಅಚ್ಚುಕಟ್ಟಾಗಿ ಇರುತ್ತವೆ. ಅಸರ್ ಸಮೀಕ್ಷೆ 2023ರಲ್ಲಿ ಗ್ರಾಮೀಣ ಭಾರತದ 14ರಿಂದ 18 ವರ್ಷದವರನ್ನು ಪರೀಕ್ಷಿಸಿದಾಗ ನಾಲ್ವರಲ್ಲಿ ಒಬ್ಬರು ತಮ್ಮದೇ ಭಾಷೆಯ ಎರಡನೇ ತರಗತಿಯ ಪಠ್ಯವನ್ನು ಸರಾಗವಾಗಿ ಓದಲಾರದೆ ಹೋದರು. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ 43 ಮಾತ್ರ. ಈ ಮಕ್ಕಳು ಹತ್ತರ ಜನವರಿಯಲ್ಲಿ ಒಮ್ಮೆಲೇ ಉದ್ಭವಿಸಿದವರಲ್ಲ. ಎಂಟರ ಮೊದಲ ವಾರದಿಂದ ಅದೇ ಬೆಂಚಿನಲ್ಲಿ ಕೂತಿದ್ದರು. ಅವರನ್ನು ಆಗಲೇ ಗುರುತಿಸಿ ಓದಿಸಿದ ಮುಖ್ಯ ಶಿಕ್ಷಕಿಗೆ ಯಾವ ಸಭೆಯಲ್ಲಿ ಶಾಲು ಹೊದಿಸಿದ್ದಾರೆ?

ಇನ್ನು ವಿದ್ಯಾರ್ಥಿ ನಾಯಕತ್ವದ ಮಾತು. ಕಾಗದದಲ್ಲಿ ಅದಕ್ಕೆ ಬರವಿಲ್ಲ. ಪ್ರತಿ ಶಾಲೆಯಲ್ಲೂ ಶಾಲಾ ಸಂಸತ್ತು ರಚನೆಯಾಗುತ್ತದೆ. ನಾಮಪತ್ರ, ಚಿಹ್ನೆ, ಬೆರಳಿಗೆ ಶಾಯಿ, ಈಚೆಗೆ ಮೊಬೈಲನ್ನೇ ಮತಯಂತ್ರ ಮಾಡಿ ಮತದಾನ. ಫೋಟೋ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಚಟುವಟಿಕೆ ಮುಗಿಯಿತು. ಪ್ರಧಾನಿ ಪ್ರಾರ್ಥನೆಯಲ್ಲಿ ಸಾವಧಾನ್, ವಿಶ್ರಾಮ್ ಹೇಳುತ್ತಾನೆ. ಆಹಾರ ಮಂತ್ರಿ ಬಕೆಟ್ಟು ಹಿಡಿದು ಸಾಂಬಾರು ಬಡಿಸುತ್ತಾಳೆ. ಸ್ವಚ್ಛತಾ ಮಂತ್ರಿ ಕಸ ಗುಡಿಸುವವರ ಪಾಳಿ ಬರೆಯುತ್ತಾನೆ. ಸಂಸತ್ತು ಎರಡನೇ ಸಲ ಸೇರಿತೇ, ಏನನ್ನಾದರೂ ತೀರ್ಮಾನಿಸಿತೇ, ಆ ತೀರ್ಮಾನಕ್ಕೆ ಮುಖ್ಯ ಶಿಕ್ಷಕರು ಉತ್ತರ ಕೊಟ್ಟರೇ ಎಂದು ಯಾವ ತಪಾಸಣೆಯಲ್ಲೂ ಕೇಳುವುದಿಲ್ಲ. ಆಯ್ಕೆಯೂ ಸಾಮಾನ್ಯವಾಗಿ ಮೊದಲೇ ಆಗಿರುತ್ತದೆ: ಚೆನ್ನಾಗಿ ಓದುವ, ಮೇಷ್ಟ್ರ ಮಾತು ಮೀರದ ಹುಡುಗನೇ ನಾಯಕ. ಅವನೂ ಹತ್ತನೇ ತರಗತಿಗೆ ಬಂದೊಡನೆ ಎಲ್ಲದರಿಂದ ಬಿಡುಗಡೆ, ಯಾಕೆಂದರೆ ಅವನ ಮೇಲೆ ಶಾಲೆಯ ರ‍್ಯಾಂಕಿನ ಆಸೆ ನಿಂತಿದೆ. ಹೀಗೆ ನಾಯಕತ್ವ ಎನ್ನುವುದು ಅಂಕ ತೆಗೆದವರಿಗೆ ಕೊಡುವ ಪದಕವಾಗಿದೆ. ಕೊನೆಯ ಬೆಂಚಿನ ಹುಡುಗಿಗೆ, ಶೇಂಗಾ ಬಿಡಿಸಿ ಕೈ ಒರಟಾದವಳಿಗೆ, ಮನೆಯಲ್ಲಿ ನಾಲ್ವರನ್ನು ಸಂಭಾಳಿಸುವವಳಿಗೆ ಅದು ಸಿಗುವುದಿಲ್ಲ. ಹೊಣೆ ಹೊರುವುದರಲ್ಲಿ ಇಡೀ ತರಗತಿಗೆ ಅವಳೇ ಮುಂದು ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇದನ್ನು ಅಲಂಕಾರ ಎನ್ನುವವರು ಒಂದು ಸರಳ ಸಂಗತಿ ಮರೆತಿದ್ದಾರೆ. ಶಾಲೆಗೆ ಬಾರದ ಮಗು ಯಾಕೆ ಬಂದಿಲ್ಲ ಎಂಬುದು ಹಾಜರಿ ಪುಸ್ತಕಕ್ಕೆ ಗೊತ್ತಿರುವುದಿಲ್ಲ, ಪಕ್ಕದಲ್ಲಿ ಕೂರುವ ಗೆಳತಿಗೆ ಗೊತ್ತಿರುತ್ತದೆ. ಹುಡುಗಿಗೆ ಗಂಡು ನೋಡಿ ಹೋದರು, ತಾಯಿ ತೋಟಕ್ಕೆ ಹೊರಟಳು, ಸಮವಸ್ತ್ರ ಹರಿದಿದೆ, ಗಣಿತದ ಮೇಷ್ಟ್ರಿಗೆ ಹೆದರಿದ್ದಾನೆ, ಬಸ್ಸಿನಲ್ಲಿ ಯಾರೋ ಕೀಟಲೆ ಮಾಡುತ್ತಾರೆ: ಇಂಥ ಸುದ್ದಿ ಮೊದಲು ತಲುಪುವುದು ಮಕ್ಕಳನ್ನು. ಮುಖ್ಯ ಶಿಕ್ಷಕರ ಕಿವಿಗೆ ಬೀಳುವಾಗ ತಿಂಗಳು ಕಳೆದಿರುತ್ತದೆ, ಲಗ್ನಪತ್ರಿಕೆ ಅಚ್ಚಾಗಿರುತ್ತದೆ. ಆದ್ದರಿಂದ ಪ್ರತಿ ಹಳ್ಳಿಯಿಂದ, ಪ್ರತಿ ಹಟ್ಟಿಯಿಂದ ಬರುವ ಮಕ್ಕಳಲ್ಲಿ ಒಬ್ಬರನ್ನು ಆ ಗುಂಪಿನವರೇ ಆರಿಸಿ, ಮೂರು ದಿನ ಬಾರದವರ ವಿಷಯ ವಾರಕ್ಕೊಮ್ಮೆ ಮುಖ್ಯ ಶಿಕ್ಷಕರ ಮುಂದೆ ಕೂತು ಹೇಳುವ ಏರ್ಪಾಡು ಮಾಡಿದರೆ ಅದು ನಾಯಕತ್ವವೂ ಹೌದು, ಫಲಿತಾಂಶದ ಕೆಲಸವೂ ಹೌದು. ಹತ್ತರ ಮಕ್ಕಳು ಎಂಟರವರಿಗೆ ದಿನಕ್ಕೆ ಅರ್ಧ ಗಂಟೆ ಓದಿಸಿದರೆ ಕಲಿಸುವವರಿಗೂ ಪಾಠ ಗಟ್ಟಿಯಾಗುತ್ತದೆ; ಭಾಗಾಕಾರ ಹೇಳಿಕೊಡುವ ಹುಡುಗ ತನಗೆ ಅದು ಎಲ್ಲಿ ಬರುವುದಿಲ್ಲ ಎಂಬುದನ್ನು ಮೊದಲ ಬಾರಿಗೆ ಕಂಡುಕೊಳ್ಳುತ್ತಾನೆ. ಸಂಜೆಯ ವಿಶೇಷ ತರಗತಿ ಎಷ್ಟಕ್ಕೆ ಮುಗಿಯಬೇಕು ಎಂಬುದನ್ನು ಬಸ್ಸಿಗೆ ಕಾಯುವ ಹುಡುಗಿಯರನ್ನು ಕೇಳಿ ಗೊತ್ತುಮಾಡಿದರೆ ತರಗತಿಗೆ ಕೂರುವವರ ಸಂಖ್ಯೆ ಹೆಚ್ಚುತ್ತದೆ. ಕೇಳದೆ ಆರು ಗಂಟೆ ಎಂದು ಬರೆದರೆ ಕೊನೆಯ ಬಸ್ಸು ತಪ್ಪಿದ ಮರುದಿನದಿಂದ ಮನೆಯವರು ಅವಳನ್ನು ಶಾಲೆಗೇ ಕಳಿಸುವುದಿಲ್ಲ.

ಮಕ್ಕಳಿಗೆ ಇಂಥದ್ದು ಸಾಧ್ಯವೇ ಎನ್ನುವವರಿಗೆ ಕರ್ನಾಟಕದಲ್ಲೇ ಉತ್ತರ ಇದೆ. 1990ರ ದಶಕದಲ್ಲಿ ಕುಂದಾಪುರ ಸೀಮೆಯ ಕೆರಾಡಿ ಮೊದಲಾದ ಪಂಚಾಯಿತಿಗಳಲ್ಲಿ ದುಡಿಯುವ ಮಕ್ಕಳ ಭೀಮ ಸಂಘ ಮತ್ತು ಅದರ ಬೆನ್ನಿಗಿದ್ದ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಸಂಸ್ಥೆ ಮಕ್ಕಳ ಪಂಚಾಯಿತಿಗಳನ್ನು ಕಟ್ಟಿದವು. ಮಕ್ಕಳು ತಾವೇ ಮತ ಹಾಕಿ ಪ್ರತಿನಿಧಿಗಳನ್ನು ಆರಿಸಿದರು, ಹಿರಿಯರ ಪಂಚಾಯಿತಿಯ ಮುಂದೆ ಬೇಡಿಕೆ ಇಟ್ಟರು. ಆ ಅನುಭವದ ಬೆನ್ನಲ್ಲೇ ಸರ್ಕಾರ 2006ರಲ್ಲಿ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸುತ್ತೋಲೆ ಹೊರಡಿಸಿತು. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತು ಕೇಳಬೇಕು ಎನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯನ್ನು ಭಾರತ ಒಪ್ಪಿದ್ದು 1992ರಲ್ಲಿ. ನಾಯಕನಹಟ್ಟಿ ಈಗ ಪಟ್ಟಣ ಪಂಚಾಯಿತಿಯಾದರೂ ಅಲ್ಲಿಗೆ ಓದಲು ಬರುವ ಸುತ್ತಲ ಹಳ್ಳಿಗಳ ಮಕ್ಕಳಿಗೆ ಅವರವರ ಪಂಚಾಯಿತಿಯ ಈ ಸಭೆ ಇದ್ದೇ ಇದೆ. ವರ್ಷಕ್ಕೊಂದು ಸಲ ಸಮವಸ್ತ್ರದಲ್ಲಿ ಸಾಲಾಗಿ ಕೂರಿಸಿ, ಅಧ್ಯಕ್ಷರ ಭಾಷಣ ಕೇಳಿಸಿ, ಬಿಸ್ಕತ್ತು ಹಂಚಿ ಕಳಿಸುವುದಕ್ಕೆ ಮುಖ್ಯ ಶಿಕ್ಷಕರ ಅಗತ್ಯವೇ ಇಲ್ಲ. ಅವರ ಅಗತ್ಯ ಬೀಳುವುದು ಹೋದ ವರ್ಷ ಮಕ್ಕಳು ಕೇಳಿದ ಶೌಚಾಲಯದ ನೀರು ಏನಾಯಿತು ಎಂದು ಈ ವರ್ಷದ ಮಕ್ಕಳ ಕೈಯಲ್ಲಿ ಹಳೆಯ ಅರ್ಜಿಯ ಪ್ರತಿ ಕೊಟ್ಟು ಕಳಿಸುವಾಗ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ತೂಕದ್ದು. ಬಡವರ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಆಸ್ತಿ. ಐಟಿಐ, ಡಿಪ್ಲೊಮಾ, ಪಿಯುಸಿ, ಮುಂದಿನ ನೌಕರಿ, ಯಾವುದಕ್ಕೆ ಹೊರಟರೂ ಆ ಬಾಗಿಲು ದಾಟಲೇಬೇಕು. ಹೊಟ್ಟೆ ತುಂಬಿದವರು ನಾಯಕತ್ವದ ಮಾತಾಡಲಿ, ನಮ್ಮ ಹುಡುಗ ಪಾಸಾಗಲಿ. ಪಾಸಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ಯಾಕೇಜು ನುಂಗಿ ಗೆರೆ ದಾಟಿದ ಹುಡುಗ ಚಳ್ಳಕೆರೆಯ ಪಿಯು ಕಾಲೇಜಿನಲ್ಲಿ ಮೊದಲ ತಿಂಗಳೇ ಭೌತಶಾಸ್ತ್ರದ ಪುಸ್ತಕ ಓದಲಾರದೆ ಕೂತರೆ ಆ ಆಸ್ತಿ ಎಷ್ಟು ದಿನದ್ದು? ಅಂಕಪಟ್ಟಿಯೇ ಬದುಕು ಎಂದು ನಂಬಿದ ಬಡವರಿಗೆ ಪೊಳ್ಳು ಅಂಕಪಟ್ಟಿ ಕೊಡುವುದು ಎಲ್ಲರಿಗಿಂತ ಹೆಚ್ಚು ಅವರಿಗೇ ಮಾಡುವ ಮೋಸ. ಉಳ್ಳವರ ಮಕ್ಕಳಿಗೆ ಟ್ಯೂಷನ್ ಇದೆ, ಎರಡನೇ ಅವಕಾಶ ಇದೆ. ಪರೀಕ್ಷೆಗೇ ಕೂರದೆ ಹೋದ ಬಡವರ ಮಗಳ ಬಗ್ಗೆ ಈ ಆಕ್ಷೇಪ ಏನನ್ನೂ ಹೇಳುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಗುರಿ ಕೊಟ್ಟು ಒತ್ತಡ ಹಾಕದಿದ್ದರೆ ಯಾರೂ ಕೆಲಸ ಮಾಡುವುದಿಲ್ಲ ಎನ್ನುವುದು ಎರಡನೆಯದು. ಅಮೆರಿಕದ ಅಟ್ಲಾಂಟಾ ನಗರ ಈ ಸಿದ್ಧಾಂತವನ್ನು ಪೂರ್ತಿ ಪ್ರಯೋಗಿಸಿ ನೋಡಿದೆ. ಅಲ್ಲಿನ ಶಾಲಾ ಆಡಳಿತದ ಮುಖ್ಯಸ್ಥೆ ಬೆವರ್ಲಿ ಹಾಲ್ ಅಂಕ ಏರಿಸದ ಪ್ರಾಂಶುಪಾಲರನ್ನು ಬದಲಿಸುತ್ತ ಹೋದರು, ನಗರದ ಫಲಿತಾಂಶ ಏರುತ್ತ ಹೋಯಿತು, 2009ರಲ್ಲಿ ಅವರಿಗೆ ದೇಶದ ಅತ್ಯುತ್ತಮ ಶಾಲಾ ಆಡಳಿತಗಾರ್ತಿ ಎಂಬ ಪ್ರಶಸ್ತಿ ಬಂತು. 2011ರ ಸರ್ಕಾರಿ ತನಿಖೆಯಲ್ಲಿ 44 ಶಾಲೆಗಳ 178 ಶಿಕ್ಷಕರು ಮತ್ತು ಪ್ರಾಂಶುಪಾಲರು ಅಕ್ರಮದಲ್ಲಿ ಭಾಗಿಯಾಗಿದ್ದಾರೆಂದು ಹೊರಬಿತ್ತು. ಮಕ್ಕಳ ತಪ್ಪು ಉತ್ತರಗಳನ್ನು ರಬ್ಬರಿನಿಂದ ಅಳಿಸಿ ತಿದ್ದಲಾಗಿತ್ತು. 2015ರಲ್ಲಿ 11 ಮಂದಿಗೆ ಅಪರಾಧ ಸಾಬೀತಾಯಿತು. ಒತ್ತಡ ಕೆಲಸ ಮಾಡಿಸಿತು, ಬೇರೆ ಕೆಲಸವನ್ನು. ಕಾಗದದ ಒತ್ತಡದ ಗತಿಯನ್ನು ನೋಡಬೇಕಾದರೆ ನಮ್ಮದೇ ಮಧ್ಯಪ್ರದೇಶ ಇದೆ. ಅಲ್ಲಿ ಶಾಲೆಗಳ ಮೌಲ್ಯಮಾಪನ ಮಾಡಿ ಪ್ರತಿ ಶಾಲೆಗೂ ಸುಧಾರಣಾ ಯೋಜನೆ ಬರೆಸುವ ದೊಡ್ಡ ಕಾರ್ಯಕ್ರಮವನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ಅಭಿಜಿತ್ ಸಿಂಗ್ ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದರು. ಯೋಜನೆಗಳು ತಯಾರಾದವು, ಕಡತಗಳು ತುಂಬಿದವು. ಶಾಲೆ ನಡೆಸುವ ರೀತಿ ಬದಲಾಗಲಿಲ್ಲ, ಮಕ್ಕಳ ಕಲಿಕೆಯೂ ಹೆಚ್ಚಲಿಲ್ಲ. ಹಾಗೆಂದು ಮುಖ್ಯ ಶಿಕ್ಷಕರಿಂದ ಏನೂ ಆಗದು ಎಂದಲ್ಲ. ಕೆನೆತ್ ಲೀತ್‌ವುಡ್ ಮತ್ತು ಸಂಗಡಿಗರು 2004ರಲ್ಲಿ ಅಲ್ಲಿಯವರೆಗಿನ ಸಂಶೋಧನೆಗಳನ್ನು ಒಟ್ಟು ಮಾಡಿ ನೋಡಿದಾಗ, ಶಾಲೆಯೊಳಗಿನ ಸಂಗತಿಗಳಲ್ಲಿ ತರಗತಿಯ ಬೋಧನೆ ಬಿಟ್ಟರೆ ಮಕ್ಕಳ ಕಲಿಕೆಯ ಮೇಲೆ ಹೆಚ್ಚು ಪರಿಣಾಮ ಬೀರುವುದು ಶಾಲಾ ನಾಯಕತ್ವವೇ ಎಂದು ಕಂಡುಕೊಂಡರು. ಆ ಪರಿಣಾಮ ಹುಟ್ಟುವುದು ಶಿಕ್ಷಕರನ್ನು ಬೆಳೆಸುವುದರಿಂದ, ದಿಕ್ಕು ತೋರುವುದರಿಂದ, ಶಾಲೆಯ ಏರ್ಪಾಡನ್ನು ಸರಿಪಡಿಸುವುದರಿಂದ. ತಿಪ್ಪೇರುದ್ರಸ್ವಾಮಿಯ ಹೆಸರಿನಲ್ಲಿ ‘ಮಾಡಿದಷ್ಟು ನೀಡು ಭಿಕ್ಷೆ’ ಎಂದು ದಿನಬೆಳಗಾದರೆ ಹೇಳುವ ಊರಿನಲ್ಲಿ, ಮಾಡಿದ್ದನ್ನು ಬಿಟ್ಟು ಬಂದದ್ದನ್ನು ಮಾತ್ರ ಎಣಿಸುವುದು ವಿಚಿತ್ರ.

ಇದೇ ಆಕ್ಷೇಪದ ಬೆನ್ನಿಗೆ, ಉಡುಪಿ, ದಕ್ಷಿಣ ಕನ್ನಡದವರೂ ಅಂಕದ ಹಿಂದೆಯೇ ಬಿದ್ದವರು, ಕ್ಯಾಮೆರಾ ಬಂದ ಮೇಲೂ ಗೆದ್ದರಲ್ಲ ಎಂದು ಕೇಳುವವರಿದ್ದಾರೆ. ಗೆದ್ದರು, ನಿಜ. ಶಾಲೆಗೆ ತಲೆಮಾರುಗಳ ಹಳಮೆ ಇರುವ, ಓದಿದ ತಾಯಂದಿರಿರುವ, ಹೊತ್ತುಹೊತ್ತಿಗೆ ಬಸ್ಸಿರುವ ಕಡೆ ಅಂಕಿ ನಿಜವನ್ನೇ ಹೇಳಬಹುದು. ಅದೇ ಅಂಕಿಯನ್ನು ಅವು ಯಾವುವೂ ಇಲ್ಲದ ಕಡೆಗೆ ಗುರಿಯಾಗಿ ಕಳಿಸಿದರೆ ಬರುವುದು ಅಂಕಿ ಮಾತ್ರ.

ಮೂರನೆಯ ಆಕ್ಷೇಪ ಮುಖ್ಯ ಶಿಕ್ಷಕರದ್ದೇ, ಮತ್ತು ಅದರಲ್ಲಿ ಬಹುಪಾಲು ಸತ್ಯ: ನಮಗೆ ಪುರುಸೊತ್ತು ಎಲ್ಲಿದೆ, ಅಧಿಕಾರ ಏನಿದೆ? ಎಷ್ಟೋ ಶಾಲೆಗಳಲ್ಲಿ ಇರುವವರೇ ಪ್ರಭಾರಿಗಳು, ತಮ್ಮ ವಿಷಯದ ಪಾಠವನ್ನೂ ಮಾಡಿ ಉಳಿದ ಹೊತ್ತಿನಲ್ಲಿ ಕಚೇರಿ ನಡೆಸುವವರು. ವಿಜ್ಞಾನಕ್ಕೆ ಅತಿಥಿ ಶಿಕ್ಷಕ, ಇಂಗ್ಲಿಷಿಗೆ ಖಾಲಿ ಹುದ್ದೆ. ಮೊಟ್ಟೆಯ ದರ ಮಾರುಕಟ್ಟೆಯಲ್ಲಿ ಏರಿದರೆ ಸರ್ಕಾರ ಕೊಡುವ ಹಣಕ್ಕೆ ಕೈಯಿಂದ ಸೇರಿಸಬೇಕು. ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣು ತಿನ್ನುವವರೆಷ್ಟು ಎಂದು ದಿನವೂ ಲೆಕ್ಕ ಬರೆಯಬೇಕು. ಇಲಾಖೆಯ ವಿದ್ಯಾರ್ಥಿ ಮಾಹಿತಿ ಜಾಲವಾದ ಎಸ್‌ಎಟಿಎಸ್‌ನಲ್ಲಿ ಇರುವ ಹೆಸರಿಗೂ ಆಧಾರ್‌ನಲ್ಲಿ ಇರುವ ಹೆಸರಿಗೂ ಒಂದಕ್ಷರ ವ್ಯತ್ಯಾಸವಾದರೆ ತಿದ್ದಿಸಲು ಅಲೆಯಬೇಕು. ಇಷ್ಟನ್ನು ಹೊರಿಸಿ ಮೇಲೆ ಫಲಿತಾಂಶದ ನೋಟಿಸು ಕೊಡುವ ಇಲಾಖೆಗೆ ನಾಚಿಕೆಯಾಗಬೇಕು. ಆದರೂ ಈ ಉತ್ತರದಲ್ಲಿ ಒಂದು ಬಿರುಕಿದೆ. ಹತ್ತರ ಮಕ್ಕಳ ಮನೆಗೆ ನಸುಕಿನಲ್ಲಿ ಫೋನ್ ಮಾಡಲು ಇದೇ ಮುಖ್ಯ ಶಿಕ್ಷಕರಿಗೆ ಹೊತ್ತು ಸಿಗುತ್ತದೆ, ಯಾಕೆಂದರೆ ಅದನ್ನು ಮೇಲಿನವರು ಕೇಳುತ್ತಾರೆ. ಯಾರೂ ಕೇಳದ ಕೆಲಸಕ್ಕೆ ಉದಾಹರಣೆಯಾಗಿ ಎನ್‌ಎಂಎಂಎಸ್ ವಿದ್ಯಾರ್ಥಿವೇತನವನ್ನೇ ತೆಗೆದುಕೊಳ್ಳಿ. ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದ ಸರ್ಕಾರಿ, ಅನುದಾನಿತ ಶಾಲೆಯ ಮಗುವಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಮಗಳನ್ನು ಓದು ಬಿಡಿಸಬೇಕೋ ಬೇಡವೋ ಎಂದು ತೂಗುವ ಮನೆಯಲ್ಲಿ ಆ ಹಣ ಎಷ್ಟು ದೊಡ್ಡದು ಎಂದು ಹೇಳಬೇಕಿಲ್ಲ. ಅದಕ್ಕೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ಅರ್ಜಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಮತ್ತು ಎಂಟರ ಮಕ್ಕಳಿಗೆ ಕೆಲವು ವಾರದ ತಯಾರಿ. ಇದನ್ನು ಹತ್ತರ ಮಕ್ಕಳ ತಂಡವೊಂದು ಮುಂದೆ ನಿಂತು ಮಾಡಿಸಬಲ್ಲದು. ಅರ್ಜಿ ತುಂಬುವುದು, ಗಡುವು ನೆನಪಿಸುವುದು, ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ತೋರಿಸುವುದು ಅವರಿಗೆ ಕಷ್ಟವಲ್ಲ. ಹೊಣೆ ಹಂಚಿದರೆ ಮುಖ್ಯ ಶಿಕ್ಷಕರ ಹೊರೆ ಇಳಿಯುತ್ತದೆ, ಏರುವುದಿಲ್ಲ.

ಕೊನೆಯದಾಗಿ ಪಿಸುದನಿಯಲ್ಲಿ ಹೇಳುವ ಆಕ್ಷೇಪ: ಮಕ್ಕಳಿಗೆ ಚುನಾವಣೆ, ಸಭೆ ಎಂದರೆ ಊರಿನ ರಾಜಕೀಯ ಶಾಲೆಗೆ ನುಗ್ಗುತ್ತದೆ, ನಾಯಕ ಜಾತಿಯ ಹುಡುಗರು ಒಂದು ಕಡೆ, ಗೊಲ್ಲರು ಒಂದು ಕಡೆ, ಲಿಂಗಾಯತರು, ಮಾದಿಗರು ಇನ್ನೊಂದು ಕಡೆ ಆಗುತ್ತಾರೆ. ಇದನ್ನು ಹೇಳುವವರು ಜಾತಿ ಈಗ ಶಾಲೆಯಲ್ಲಿ ಇಲ್ಲ ಎಂದು ನಂಬಿದಂತಿದೆ. ಊಟಕ್ಕೆ ಕೂರುವ ಸಾಲಿನಲ್ಲಿ, ನೀರಿನ ಲೋಟದಲ್ಲಿ, ಬೆಂಚಿನ ಆಯ್ಕೆಯಲ್ಲಿ ಅದು ಯಾವ ಚುನಾವಣೆಗೂ ಕಾಯದೆ ಬಂದು ಕೂತಿದೆ. ಗುಪ್ತ ಮತದಾನ, ಹುಡುಗ ಹುಡುಗಿಯರಿಗೆ ಸಮ ಸ್ಥಾನ, ಅವಧಿಗೊಮ್ಮೆ ಬದಲಾಗುವ ಹೊಣೆ, ಪ್ರತಿ ಹಟ್ಟಿಗೂ ದನಿ: ಹೀಗೆ ನಿಯಮ ಕಟ್ಟಿದ ಸಭೆಯಲ್ಲಿ ಬೇರೆ ಕೇರಿಯ ಹುಡುಗಿಯ ಅಧ್ಯಕ್ಷತೆಯಲ್ಲಿ ಕೂರುವುದನ್ನು ಹದಿನಾಲ್ಕಕ್ಕೇ ಕಲಿತವನು ಮುಂದೆ ಪಂಚಾಯಿತಿಯಲ್ಲಿ ಸ್ವಲ್ಪ ಬೇರೆ ರೀತಿ ನಡೆದುಕೊಂಡಾನು. ಗ್ಯಾರಂಟಿ ಇಲ್ಲ. ಕಲಿಯದೇ ಇದ್ದರೆ ಏನಾಗುತ್ತದೆ ಎಂಬುದಕ್ಕಂತೂ ಗ್ಯಾರಂಟಿ ಇದೆ.

ನಾಯಕನಹಟ್ಟಿಯ ಮಗ್ಗುಲಲ್ಲೇ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ ಇದೆ, ಅಮೃತಮಹಲ್ ಕಾವಲಿನ ಸುಮಾರು 1,500 ಎಕರೆಯಲ್ಲಿ. ಅಲ್ಲಿನ ಪ್ರತಿಭಾ ವಿಕಾಸ ಕೇಂದ್ರಕ್ಕೆ ರಾಜ್ಯದ ನಾನಾ ಕಡೆಯ ಹೈಸ್ಕೂಲು, ಪಿಯು ವಿಜ್ಞಾನ ಶಿಕ್ಷಕರು ತರಬೇತಿಗೆ ಬಂದು ಹೋಗುತ್ತಾರೆ. ಪ್ರಯೋಗ ಮಾಡಿ ಕಲಿಸುವುದು ಹೇಗೆ ಎಂದು ಕಲಿಯುತ್ತಾರೆ. ಕಲಿತು ಬಂದ ಶಿಕ್ಷಕರಿಗೆ ಜನವರಿಯಲ್ಲಿ ಪ್ರಯೋಗಾಲಯದ ಬಾಗಿಲು ತೆರೆಯಲು ಬಿಡುವೇ ಇರುವುದಿಲ್ಲ, ಪ್ಯಾಕೇಜು ಮುಗಿಸಬೇಕು. ಈ ಆವರಣಕ್ಕಾಗಿ ಕಾವಲು ಹೋಯಿತು, ದನ ಕುರಿಗಳ ದಾರಿಗೆ ಗೋಡೆ ಬಂತು. ಆ ಗೋಡೆಯ ಒಳಗಿನ ವಿಜ್ಞಾನವಾದರೂ ಹೊರಗಿನ ಹಟ್ಟಿಯ ಮಕ್ಕಳಿಗೆ ದಕ್ಕಬೇಕಿತ್ತು. ಇದೇ ಚಳ್ಳಕೆರೆ ತಾಲ್ಲೂಕಿನ ಬೆಳಗೆರೆಯಲ್ಲಿ ಶಾಲೆ ಕಟ್ಟಿದ ಬೆಳಗೆರೆ ಕೃಷ್ಣಶಾಸ್ತ್ರಿಗಳನ್ನು ಜನ ಇವತ್ತಿಗೂ ನೆನೆಯುತ್ತಾರೆ. ಅವರ ಶಾಲೆಯ ಶೇಕಡಾವಾರು ಎಷ್ಟಿತ್ತು ಎಂದು ನೆನೆಯುವವರು ಯಾರೂ ಇಲ್ಲ.

ಅಳತೆಯೇ ಬೇಡ ಎನ್ನುತ್ತಿಲ್ಲ. ಅಳೆಯಿರಿ, ಆದರೆ ಎಂಟನೇ ತರಗತಿಯ ಹಾಜರಿ ಪುಸ್ತಕದಿಂದ ಶುರುಮಾಡಿ. ಜೂನ್‌ನಲ್ಲಿ ಎಂಟಕ್ಕೆ ಸೇರಿದವರು ಇಷ್ಟು, ಬೇರೆ ಶಾಲೆಗೆ ಹೋದದ್ದು ಖಚಿತವಾದವರನ್ನು ಕಳೆದರೆ ಇಷ್ಟು, ಅವರಲ್ಲಿ ಮೂರು ವರ್ಷದ ಮೇಲೆ ಹತ್ತನ್ನು ದಾಟಿದವರು ಇಷ್ಟು: ಮುಖ್ಯ ಶಿಕ್ಷಕರ ಹೆಸರಿನ ಮುಂದೆ ಬರೆಯುವುದಾದರೆ ಈ ಅಂಕಿಯನ್ನು ಬರೆಯಿರಿ. ಅದರ ಪಕ್ಕದಲ್ಲಿ ಶಾಲಾ ಸಂಸತ್ತು ವರ್ಷದಲ್ಲಿ ಎಷ್ಟು ಸಲ ಸೇರಿತು, ಏನು ಕೇಳಿತು, ಯಾವುದಕ್ಕೆ ಲಿಖಿತ ಉತ್ತರ ಸಿಕ್ಕಿತು ಎಂಬ ಒಂದು ಕಲಂ ಇರಲಿ. ಇದಕ್ಕೆ ಹೊಸ ಸಮೀಕ್ಷೆ, ಹೊಸ ಆ್ಯಪು ಬೇಕಿಲ್ಲ. ರಾಜ್ಯದ ಪ್ರತಿ ಮಗುವಿಗೂ ಎಸ್‌ಎಟಿಎಸ್ ಸಂಖ್ಯೆ ಇದೆ. ಯಾವ ಮಗು ಯಾವ ವರ್ಷ ಯಾವ ಶಾಲೆಯ ಯಾವ ತರಗತಿಯಲ್ಲಿತ್ತು ಎಂದು ಮುಖ್ಯ ಶಿಕ್ಷಕರು ರಾತ್ರಿ ಕೂತು ತುಂಬಿಸಿದ ಮಾಹಿತಿ ಇಲಾಖೆಯ ಬಳಿಯೇ ಇದೆ. ಮುಂದಿನ ಮೇ ತಿಂಗಳ ಫಲಿತಾಂಶದ ಜೊತೆಗೆ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಪ್ರತಿ ಹೈಸ್ಕೂಲಿನ ಈ ಇನ್ನೊಂದು ಅಂಕಿಯನ್ನೂ ಪ್ರಕಟಿಸಲು ಇಲಾಖೆಗೆ ಅಡ್ಡಿಯೇನು ಎಂದು ಪೋಷಕರು ಎಸ್‌ಡಿಎಂಸಿ ಸಭೆಯಲ್ಲಿ ಕೇಳಲಿ, ಮಕ್ಕಳು ತಮ್ಮ ಗ್ರಾಮಸಭೆಯಲ್ಲಿ ಕೇಳಲಿ.